ಆಡಂ ಸ್ಮಿತ್ ಹುಟ್ಟಿದ ಊರಿನಲ್ಲಿ

ಎಡಿನ್‌ಬರೋದಿಂದ ರೈಲು ಹತ್ತಿ ಫೋರ್ತ್ ಸೇತುವೆ ದಾಟಿದರೆ ಮುಂದೆ ಸಿಗುವ ಕಡಲತೀರದ ಊರು ಕರ್ಕಾಡಿ. ಮುಕ್ತ ಮಾರುಕಟ್ಟೆಯ ಅರ್ಥಶಾಸ್ತ್ರಕ್ಕೆ ಬುನಾದಿ ಹಾಕಿದ ಆಡಂ ಸ್ಮಿತ್ 1723ರಲ್ಲಿ ಹುಟ್ಟಿದ್ದು ಇಲ್ಲೇ. ತಂದೆಯ ಮುಖವನ್ನೇ ಕಾಣದ ಹುಡುಗನನ್ನು ತಾಯಿ ಮಾರ್ಗರೆಟ್ ಸಾಕಿ ಊರಶಾಲೆಗೆ ಕಳಿಸಿದರು. 14ರ ವಯಸ್ಸಿಗೆ ಆತ ಗ್ಲಾಸ್ಗೋ ವಿಶ್ವವಿದ್ಯಾಲಯ ಸೇರಿದ.

1767ರಲ್ಲಿ ತಾಯಿಯ ಮನೆಗೆ ಮರಳಿದ ಸ್ಮಿತ್, ಸುಮಾರು ಆರು ವರ್ಷ ಕುಳಿತು ‘ವೆಲ್ತ್ ಆಫ್ ನೇಷನ್ಸ್’ನ ಬಹುಭಾಗ ಬರೆದರು. ಪುಸ್ತಕ ಹೊರಬಂದದ್ದು 1776ರಲ್ಲಿ. ಆ ಮನೆಯನ್ನು 1834ರಲ್ಲಿ ಕೆಡವಿದರು. ಹೈಸ್ಟ್ರೀಟಿನ ಫಲಕವೊಂದು ಜಾಗವನ್ನು ತೋರಿಸುತ್ತದೆ.

ವ್ಯಾಪಾರಕ್ಕೆ ಸರ್ಕಾರದ ಅಂಕೆ ಬೇಡವೆಂದ ಸ್ಮಿತ್, ಬೆಲೆ ಏರಿಸಲು ವ್ಯಾಪಾರಿಗಳು ಹೂಡುವ ಸಂಚಿನ ಬಗೆಗೂ ಎಚ್ಚರಿಸಿದ್ದರು. ಕೂಲಿಕಾರನ ಮಗುವಿಗೂ ಅಕ್ಷರ, ಲೆಕ್ಕ ದಕ್ಕುವಂತೆ ಊರೂರಿಗೂ ಶಾಲೆ ಬೇಕು, ಮೇಷ್ಟರ ಸಂಬಳದಲ್ಲಿ ಒಂದು ಪಾಲನ್ನು ಸರ್ಕಾರ ಕೊಡಬೇಕು ಎಂದೂ ಬರೆದರು. ಅರ್ಥಶಾಸ್ತ್ರ ಓದುವ ಮಕ್ಕಳು ಆ ಪುಟಗಳನ್ನೂ ತಿರುವಿ ನೋಡಬೇಕು.