ಮುಚ್ಚಿಡುವ ರೋಗವಲ್ಲ

ದೇವದುರ್ಗ, ಮಾನ್ವಿ ಕಡೆಯ ನಮ್ಮ ಹಿರಿಯರು ಮೊಣಕಾಲು ನೋವನ್ನು ಕಟ್ಟೆಯ ಮೇಲೆ ಕುಳಿತು ಊರಿಗೆಲ್ಲ ಹೇಳುತ್ತಾರೆ. ಮೂಲವ್ಯಾಧಿಯನ್ನು ಮನೆಯವರಿಗೂ ಹೇಳುವುದಿಲ್ಲ. ನಮ್ಮ ದೊಡ್ಡಪ್ಪನೂ ಎರಡು ವರ್ಷ ಮುಚ್ಚಿಟ್ಟರು. ರಕ್ತ ಹೋಗಿ ಹೋಗಿ ಮುಖ ಬಿಳಿಚಿತು, ನಾಲ್ಕು ಹೆಜ್ಜೆಗೇ ಏದುಸಿರು. ಕೇಳಿದರೆ, “ಕೊಯ್ದು ಬಿಡ್ತಾರ, ನಾ ಒಲ್ಲೆ” ಎಂದರು.

ಒತ್ತಾಯಿಸಿ ರಾಯಚೂರಿಗೆ ಕರೆದೊಯ್ದೆವು. ಡಾಕ್ಟರು ಕತ್ತರಿ ಮುಟ್ಟಲೇ ಇಲ್ಲ. ಕೊಳವೆ ಹಾಕಿ ಪರೀಕ್ಷಿಸಿ, ಒಳಗೆ ಊದಿದ್ದ ಗಂಟಿನ ಬುಡಕ್ಕೆ ಪುಟ್ಟ ರಬ್ಬರ್ ಉಂಗುರ ತೊಡಿಸಿದರು. ರಕ್ತ ಸಿಗದ ಗಂಟು ಬಾಡಿ, ವಾರದ ಹೊತ್ತಿಗೆ ಉದುರುತ್ತದೆ. ಆ ಜಾಗದಲ್ಲಿ ನೋವು ತಿಳಿಸುವ ನರಗಳಿಲ್ಲ. ಹಾಗಾಗಿ ಪ್ರಜ್ಞೆ ತಪ್ಪಿಸಬೇಕಿಲ್ಲ. ಕಬ್ಬಿಣಾಂಶದ ಮಾತ್ರೆ ಕಟ್ಟಿಸಿಕೊಂಡು ದೊಡ್ಡಪ್ಪ ಅದೇ ಸಂಜೆ ಬಸ್ಸು ಹತ್ತಿದರು.

ಈ ಉಂಗುರದ ಚಿಕಿತ್ಸೆಯನ್ನು 1963ರಲ್ಲಿ ಬಳಕೆಗೆ ತಂದವರು ಅಮೆರಿಕದ ಡಾ. ಜೇಮ್ಸ್ ಬ್ಯಾರನ್. ಸಣ್ಣ ಗಂಟಿಗೆ ಇಂಜೆಕ್ಷನ್ ಕೂಡ ಉಂಟು. ಗಂಟು ದೊಡ್ಡದಾಗಿ ಹೊರಗೇ ಉಳಿದರೆ ಆಪರೇಷನ್ ಬೇಕಾಗುತ್ತದೆ. ಸುಶ್ರುತನೂ ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂದು ನಾಲ್ಕು ದಾರಿ ಹೇಳಿದ್ದಾನೆ.

ಅಜ್ಜ ಅಜ್ಜಿಯರೇ, ರಕ್ತ ಕಂಡರೆ ಗೋಡೆ ಮೇಲಿನ ‘ಗ್ಯಾರಂಟಿ’ ಬರಹ ನಂಬಬೇಡಿ. ಕರುಳಿನ ಕ್ಯಾನ್ಸರಿನಲ್ಲೂ ರಕ್ತ ಬರಬಹುದು, ಡಾಕ್ಟರೇ ನೋಡಬೇಕು.

ಮಕ್ಕಳೇ, ನೀವು ಜೋಳದ ರೊಟ್ಟಿ, ಕಾಳುಪಲ್ಯ, ಪುಂಡಿಪಲ್ಯ ಬಿಡಬೇಡಿ. ನಮ್ಮ ಬಿಸಿಲಿಗೆ ನೀರು ಹೆಚ್ಚೇ ಕುಡಿಯಿರಿ. ಶಾಲೆಯಲ್ಲಿ ಅವಸರವಾದರೆ ತಡೆದುಕೊಳ್ಳಬೇಡಿ. ಮತ್ತೆ, ಅಜ್ಜ ಯಾಕೋ ಸುಸ್ತಾಗಿ ಕಂಡರೆ ಹತ್ತಿರ ಕುಳಿತು ಮೆಲ್ಲಗೆ ಕೇಳಿ. ನಿಮ್ಮ ಮುಂದೆ ಅವರಿಗೆ ನಾಚಿಕೆ ಕಡಿಮೆ.