ಅಗ್ಗದ ವಾಚು ನಿಜಕ್ಕೂ ಅಗ್ಗವೇ?

ಸಹೋದರಿಯರೇ, ನಿಕಾಹ್‌ನ ದಿನ ಗೊತ್ತಾದ ಮನೆಯಲ್ಲಿ ಮದುಮಗನ ವಾಚಿನ ಮಾತು ಬಂದೇ ಬರುತ್ತದೆ. ಹೆಸರಾಂತ ಕಂಪೆನಿಯದೇ ಆಗಬೇಕು, ಆದರೆ ಕಡಿಮೆಗೆ ಸಿಗಬೇಕು ಎಂಬುದು ಎಲ್ಲರ ಆಸೆ. ಮೋಸ ಹುಟ್ಟುವುದು ಇಲ್ಲಿಯೇ.

ನಮ್ಮ ಕಾಮಗೆರೆಯಿಂದ ಕೊಳ್ಳೇಗಾಲಕ್ಕೆ ರೇಷ್ಮೆ ಸೀರೆ ಕೊಳ್ಳಲು ಹೋಗುವ ಹೆಂಗಸರನ್ನು ಯಾರೂ ಸುಲಭವಾಗಿ ವಂಚಿಸಲಾರರು. ರೇಷ್ಮೆಯ ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಂಟಾಗುತ್ತದೆ ಎಂದು ಅವರಿಗೆ ಗೊತ್ತು. ಆದರೆ ಅವರೇ ವಾಚಿನ ಮುಂದೆ ನಿಂತಾಗ ಹೊಳಪಿಗೆ ಮರುಳಾಗುತ್ತಾರೆ.

ನೆರೆಮನೆಯ ತಾಯಿಯೊಬ್ಬರು ಬಂದು, "ಆಪಾ, ಅಳಿಯನಿಗೆ ಸ್ವಿಸ್ ವಾಚಂತೆ, ಎಂಟು ನೂರಕ್ಕೆ ಕೊಡ್ತಾರಂತೆ" ಎಂದರು. "ಆ ಹೆಸರಿನ ಅಸಲಿ ವಾಚಿಗೆ ಲಕ್ಷಗಟ್ಟಲೆ ಕೊಡಬೇಕು. ಎಂಟು ನೂರಕ್ಕೆ ಸಿಗುವುದು ಬರೀ ಹೆಸರು, ಅದೂ ಕದ್ದದ್ದು. ಅಳಿಯನ ಕೈಗೆ ಸುಳ್ಳನ್ನು ಕಟ್ಟುತ್ತೀರಾ?" ಎಂದೆ. ಅವರು ಸುಮ್ಮನಾದರು. ಆಮೇಲೆ, "ಹಾಗಾದರೆ ಯಾವುದು ನೋಡಲಿ?" ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಪಟ್ಟಿಯ ಕೊಂಡಿ ನೋಡಿ. ವುಝೂವಿನಲ್ಲಿ ಕೈಯ ಚರ್ಮಕ್ಕೆ ನೀರು ತಾಗಲೇಬೇಕಲ್ಲವೇ? ದಿನಕ್ಕೆ ಐದು ಬಾರಿ ಬಿಚ್ಚಿದರೆ ವರ್ಷಕ್ಕೆ 1,825 ಬಾರಿ. ತಗಡಿನ ಕೊಂಡಿ ಎಷ್ಟು ದಿನ ತಡೆದೀತು? ಕವಚ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಚಿನ್ನ ನಮ್ಮ ಗಂಡಸರಿಗೆ ನಿಷಿದ್ಧ. ಚಿನ್ನದ ಬಣ್ಣದ ತೆಳು ಲೇಪವಾದರೋ ಬೆವರಿಗೆ ಮಾಸುತ್ತದೆ. ಸಫೈರ್ ಗಾಜಿಗೆ ಬೆಲೆ ಹೆಚ್ಚು, ಆದರೆ ಸುಲಭವಾಗಿ ಗೀರು ಬೀಳುವುದಿಲ್ಲ. 30 ಮೀಟರ್ ಎಂದು ಬರೆದ ವಾಚು ನೀರಿನ ಹನಿ ಸಿಡಿದರೆ ತಡೆಯುತ್ತದೆಯೇ ಹೊರತು ಈಜಲು ಅಲ್ಲ. ಬಿಲ್ಲು, ಗ್ಯಾರಂಟಿ ಕಾರ್ಡು ಕೇಳಿ ಪಡೆಯಿರಿ. ರಿಪೇರಿ ಎಲ್ಲಿ ಮಾಡಿಸಬಹುದೆಂದೂ ವಿಚಾರಿಸಿ.

ಎಚ್‌ಎಂಟಿ ಸಂಸ್ಥೆ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಸತೊಡಗಿತು. ನನ್ನ ತಂದೆಯವರು ಕೊಂಡ ಜನತಾ ವಾಚು ಅವರ ಅಂದಿನ ಸಂಪಾದನೆಗೆ ದುಬಾರಿಯೇ. ಅದರೊಳಗೆ 17 ಕಲ್ಲುಗಳಿವೆ. ಅವು ಶೋಭೆಗಲ್ಲ, ಚಕ್ರದ ಅಚ್ಚುಗಳು ಸವೆಯದಿರಲೆಂದು. ಆ ವಾಚಿನ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ತೀರ್ಮಾನಿಸಿತು. ಕಂಪೆನಿ ಹೋಯಿತು, ವಾಚು ಉಳಿಯಿತು. ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಇಂದಿಗೂ ತಮ್ಮನ ಕೈಯಲ್ಲಿ ನಡೆಯುತ್ತಿದೆ. ಎರಡು ವರ್ಷಕ್ಕೊಂದು ಅಗ್ಗದ ವಾಚು ಕೊಂಡು ಎಸೆದವರು ಎಷ್ಟು ಖರ್ಚು ಮಾಡಿದರು? ನೀವೇ ಲೆಕ್ಕ ಹಾಕಿ.

ಬೆಲೆ ಹೆಚ್ಚಿದ ಮಾತ್ರಕ್ಕೆ ಅದು ದುಂದುವೆಚ್ಚವಲ್ಲ. ಬಾಳಿಕೆಗೆಂದು ಹಣ ಕೊಡುವುದು ವಿವೇಕ. ನಾಲ್ಕು ಜನ ನೋಡಲೆಂದು ಕೊಡುವುದು ದುಂದು. ಗಂಡಿನ ಕಡೆಯವರು ಇಂಥದ್ದೇ ವಾಚು ಬೇಕೆಂದು ಪಟ್ಟು ಹಿಡಿದರೆ ಅದು ಉಡುಗೊರೆಯೇ ಅಲ್ಲ, ವರದಕ್ಷಿಣೆ. ಅದಕ್ಕಾಗಿ ಸಾಲ ಮಾಡಬೇಡಿ, ಒಡವೆ ಅಡವಿಡಬೇಡಿ.

ಆ ತಾಯಿ ಕೊನೆಗೆ ತಮ್ಮ ಉಳಿತಾಯಕ್ಕೆ ಎಟಕುವ, ನಮ್ಮ ದೇಶದ್ದೇ ಒಂದು ಸ್ಟೀಲ್ ವಾಚು ತಂದರು. ಎಂಟು ನೂರಕ್ಕಿಂತ ಹಲವು ಪಟ್ಟು ಹೆಚ್ಚು ಕೊಟ್ಟರು, ಲಕ್ಷವನ್ನೇನೂ ಕೊಡಲಿಲ್ಲ. ನೀವೂ ಕೈಯಲ್ಲಿರುವ ಹಣದೊಳಗೆ ಅತ್ಯುತ್ತಮವಾದುದನ್ನೇ ಆರಿಸಿ. ಒಂದನ್ನೇ ಕೊಳ್ಳಿ, ಅಸಲಿಯನ್ನೇ ಕೊಳ್ಳಿ. ಅಲ್ಲಾಹನು ನಮ್ಮ ಗಳಿಕೆಯಲ್ಲೂ ಖರ್ಚಿನಲ್ಲೂ ಬರ್ಕತ್ ನೀಡಲಿ.