ಎಂಬತ್ತು ಹರ್ಟ್ಸ್‌ನ ಗದ್ದಲ

ಜನವರಿ 5, 2025, ಭಾನುವಾರ. ಮದ್ದೂರು

ಹೆಡ್‌ಸೆಟ್ ಮನೆಗೆ ಬಂತು. ಬೋಸ್ ಎ-20, ಸೆಕೆಂಡ್ ಹ್ಯಾಂಡ್. ನಮ್ಮ ಪೈಲಟ್ ತರಬೇತಿ ಶಾಲೆಯ ಸೀನಿಯರ್ ಒಬ್ಬರಿಗೆ ಏರ್‌ಲೈನ್ ಕೆಲಸ ಸಿಕ್ಕಿತು. ಅಲ್ಲಿಯ ಏರ್‌ಬಸ್‌ಗೆ ಐದು ಪಿನ್ನಿನ ಬೇರೆ ಪ್ಲಗ್ ಬೇಕು. ಹಾಗಾಗಿ ಇದನ್ನು ಅರ್ಧ ಬೆಲೆಗೆ ನನಗೆ ದಾಟಿಸಿದರು. ಈಗ ಅಂಗಡಿಗೆ ಬರುವುದು ಇದರ ತಂಗಿ, 2023ರ ಎ-30. ಹೊಸದಕ್ಕೆ ಲಕ್ಷದ ಮೇಲೆ ಬೀಳುತ್ತದೆ ಎಂದೆ. ಅಪ್ಪ ಕೂತಲ್ಲೇ ಲೆಕ್ಕ ಹಾಕಿದ. ಈ ಹಂಗಾಮಿಗೆ ಕೇಂದ್ರ ಕಟ್ಟಿರುವ ದರ ಟನ್ನಿಗೆ 3,400 ರೂಪಾಯಿ, ಲಕ್ಷವೆಂದರೆ ಮೂವತ್ತು ಟನ್ ಕಬ್ಬು. "ಮೂವತ್ತು ಟನ್ ಕಬ್ಬ ಕಿವಿಗೆ ನೇತಾಕ್ಕೊಂಡು ಓಡಾಡ್ತಾರಾ?" ಅಂದ. ಅರ್ಧ ಬೆಲೆ ಎಂದ ಮೇಲೆ ಸುಮ್ಮನಾದ.

ಇಷ್ಟು ದಿನ ಶಾಲೆಯ ಹಸಿರು ಹೆಡ್‌ಸೆಟ್ ಹಾಕುತ್ತಿದ್ದೆ. ಅದರಲ್ಲಿ ಬ್ಯಾಟರಿ ಇಲ್ಲ, ಮಾಯಾಜಾಲವೂ ಇಲ್ಲ. ದಪ್ಪ ಬಟ್ಟಲು, ಬಿಗಿಯಾದ ಸ್ಪ್ರಿಂಗು, ಅಷ್ಟೆ. ಒಂದೂವರೆ ಗಂಟೆ ಹಾರಿ ಇಳಿದರೆ ನೆತ್ತಿ ಮೇಲೆ ಗೀರು, ಕಿವಿಯಲ್ಲಿ ಸಂಜೆವರೆಗೂ ಗುಂಯ್ ಸದ್ದು. ಎ-20 ಸುಮಾರು 340 ಗ್ರಾಂ. ಕೈಯಲ್ಲಿ ಹಿಡಿದಾಗಲೇ ವ್ಯತ್ಯಾಸ ಗೊತ್ತಾಗುತ್ತದೆ.

ಊಟದ ಮೇಜಿನ ಮೇಲೆ ಎಲ್ಲ ಹರವಿ ನೋಡಿದೆ. ಕೇಬಲ್ಲಿನ ತುದಿಗೆ ಎರಡು ಪ್ಲಗ್. ದಪ್ಪನೆಯದು 6.3 ಮಿಲಿಮೀಟರ್, ಕಿವಿಯದ್ದು. ತೆಳ್ಳನೆಯದು 5.2, ಮೈಕಿನದ್ದು. ಗಾತ್ರ ಬೇರೆ ಬೇರೆ ಇರುವುದರಿಂದ ಕತ್ತಲಲ್ಲೂ ಅದಲುಬದಲಾಗುವುದಿಲ್ಲ. ಹೆಲಿಕಾಪ್ಟರಿಗೆ ಇವೆರಡರ ಬದಲು ಒಂದೇ ಪ್ಲಗ್. ನಡುವಿನ ಡಬ್ಬಿಯಲ್ಲಿ ಎರಡು ಎಎ ಸೆಲ್, ನಲವತ್ತು ಗಂಟೆಗೆ ಮೋಸವಿಲ್ಲ ಎನ್ನುತ್ತಾರೆ. ಸೀನಿಯರ್ ಹೇಳಿದ ಮಾತು ಬರೆದಿಡುತ್ತೇನೆ: ಸೆಲ್ ಮುಗಿದರೂ ರೇಡಿಯೊ ಮುಗಿಯುವುದಿಲ್ಲ, ಗದ್ದಲ ವಾಪಸ್ಸು ಬರುತ್ತದೆ ಅಷ್ಟೆ. ಬ್ಯಾಗಿನಲ್ಲಿ ಒಂದು ಜೊತೆ ಸೆಲ್ ಸದಾ ಇರಲಿ.

ಜನವರಿ 8, ಬುಧವಾರ. ಮೈಸೂರು

ಬೆಳಿಗ್ಗೆ ಮಂಡಕಳ್ಳಿಯಲ್ಲಿ ಮಂಜು. ರನ್‌ವೇ ಆಚೆ ತುದಿ ಕಾಣುತ್ತಿಲ್ಲ, ಯಾರೂ ಹಾರುವ ಹಾಗಿಲ್ಲ. ಇನ್‌ಸ್ಟ್ರಕ್ಟರ್ ಟೀ ಹಿಡಿದು ಪಾಠ ಶುರು ಮಾಡಿದರು. "ಸೆಸ್ನಾ 172ರಲ್ಲಿ ನಿನಗೆ ಕೇಳುವ ಗುಡುಗು ಎಷ್ಟು ಹರ್ಟ್ಸ್? ಲೆಕ್ಕ ಹಾಕು."

ಹಾಕಿದೆ. ಎಂಜಿನ್ ನಿಮಿಷಕ್ಕೆ 2,400 ಸುತ್ತು, ಅಂದರೆ ಸೆಕೆಂಡಿಗೆ 40. ಪ್ರೊಪೆಲ್ಲರಿಗೆ ಎರಡು ರೆಕ್ಕೆ, 40ರ ಎರಡರಷ್ಟು 80. ನಾಲ್ಕು ಸಿಲಿಂಡರ್, ನಾಲ್ಕು ಸ್ಟ್ರೋಕ್, ಸುತ್ತಿಗೆ ಎರಡು ಸಲ ಉರಿ. ಅದೂ 80. ಎರಡೂ ಸೇರಿ ಒಂದೇ ಎಂಬತ್ತು ಹರ್ಟ್ಸ್‌ನ ಗದ್ದಲ.

ಇಂಥ ತಗ್ಗಿನ ಸದ್ದನ್ನು ದಪ್ಪ ಬಟ್ಟಲು ತಡೆಯಲಾರದು, ಅದು ಪ್ಲಾಸ್ಟಿಕ್ಕನ್ನೂ ಮೆತ್ತೆಯನ್ನೂ ದಾಟಿ ಬರುತ್ತದೆ. ಅದಕ್ಕೇ ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಉಪಾಯ. ಬಟ್ಟಲೊಳಗಿನ ಪುಟ್ಟ ಮೈಕು ಗದ್ದಲವನ್ನು ಕೇಳಿಸಿಕೊಳ್ಳುತ್ತದೆ. ಸರ್ಕ್ಯೂಟು ಅದರ ತಲೆಕೆಳಗಾದ ಅಲೆಯನ್ನು ಸ್ಪೀಕರಿನಿಂದ ಬಿಡುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ಎರಡೂ ಅಡಗುತ್ತವೆ. 80 ಹರ್ಟ್ಸ್ ಅಲೆಯ ಉದ್ದ ನಾಲ್ಕು ಮೀಟರಿಗಿಂತ ಹೆಚ್ಚು. ಕಿವಿಯ ಬಟ್ಟಲಿನ ಮೂಲೆಮೂಲೆಗೂ ಅದು ಒಂದೇ ಥರ ಇರುತ್ತದೆ, ಹಾಗಾಗಿ ರದ್ದು ಮಾಡುವುದು ಸಲೀಸು. 3,000 ಹರ್ಟ್ಸ್ ಅಲೆ ಹನ್ನೊಂದು ಸೆಂಟಿಮೀಟರ್ ಮಾತ್ರ, ಒಂದೆರಡು ಸೆಂಟಿಮೀಟರ್ ಆಚೀಚೆಯಾದರೂ ಲೆಕ್ಕ ತಪ್ಪುತ್ತದೆ. ಆ ಎತ್ತರದ ಸದ್ದನ್ನು ತಡೆಯುವುದು ಹಳೆಯ ಪದ್ಧತಿಯ ಮೆತ್ತೆಯೇ. ಎಲೆಕ್ಟ್ರಾನಿಕ್ಸ್ ಮತ್ತು ಮೆತ್ತೆ ಕೆಲಸ ಹಂಚಿಕೊಂಡಿವೆ.

ಮಂಜು ಹತ್ತು ಗಂಟೆಗೆ ಬಿಟ್ಟಿತು. ನನ್ನ ಸರದಿ ನಾಳೆಗೆ ಹೋಯಿತು.

ಜನವರಿ 9, ಗುರುವಾರ. ಮೈಸೂರು

ಹಾಕಿಕೊಳ್ಳುವುದನ್ನೇ ಇವತ್ತು ಸರಿಯಾಗಿ ಕಲಿತದ್ದು. ಓಲೆ ತೆಗೆದಿಡಬೇಕು. ಜಡೆ ಕೆಳಗೆ ಕಟ್ಟಬೇಕು, ಕಿವಿ ಮೆತ್ತೆಯ ಒಳಗೆ ಕೂದಲು ಸಿಗಬಾರದು. ಕನ್ನಡಕದ ಕಡ್ಡಿ ತೆಳ್ಳಗಿರಬೇಕು. ದಪ್ಪ ಕಡ್ಡಿ ಮೆತ್ತೆಯನ್ನು ಎತ್ತುತ್ತದೆ, ಆ ಸಂದಿನಿಂದ ಗದ್ದಲ ಒಳನುಗ್ಗುತ್ತದೆ. ಹೊರಗಿನ ಸಂದನ್ನು ಒಳಗಿನ ಸರ್ಕ್ಯೂಟು ಮುಚ್ಚಲಾರದು.

ಮೈಕು ತುಟಿಯ ಪಕ್ಕಕ್ಕೆ, ತಾಗಿತೋ ತಾಗಲಿಲ್ಲವೋ ಅನ್ನುವಷ್ಟು ಹತ್ತಿರ. ಅದಕ್ಕೊಂದು ಮಾತಿನ ಮುಖ ಇದೆ, ಅದು ಬಾಯಿಯ ಕಡೆ ಇರಬೇಕು. ಆ ಮೈಕು ಹತ್ತಿರದ ದನಿಯನ್ನು ಹಿಡಿದು ದೂರದ ಗದ್ದಲವನ್ನು ಬಿಡುವ ಜಾತಿಯದು. ಬೆರಳಗಲ ದೂರ ಹೋದರೆ ಟವರಿಗೆ ನನ್ನ ದನಿಗಿಂತ ಎಂಜಿನ್ನೇ ಚೆನ್ನಾಗಿ ಕೇಳುತ್ತದೆ. ಆಮೇಲೆ ಇಂಟರ್‌ಕಾಮ್‌ನ ಸ್ಕ್ವೆಲ್ಚ್ ಗುಂಡಿ. ಗರಗರ ನಿಲ್ಲುವವರೆಗೆ ತಿರುಗಿಸಿ ಅಲ್ಲೇ ಬಿಡಬೇಕು. ಹೆಚ್ಚು ತಿರುಗಿಸಿದರೆ ಮಾತಿನ ಮೊದಲ ಅಕ್ಷರ ನುಂಗಿಹೋಗುತ್ತದೆ. ನಮ್ಮ ವಿಮಾನದ ಇಂಟರ್‌ಕಾಮ್ ಮಾನೊ. ಸ್ಟೀರಿಯೊದಲ್ಲೇ ಬಿಟ್ಟರೆ ಒಂದು ಕಿವಿ ಸತ್ತುಹೋದ ಹಾಗೆ, ಅದಕ್ಕೊಂದು ಸ್ವಿಚ್ ಇದೆ.

ಎಂಜಿನ್ ಶುರುವಾದ ಮೇಲೆ ಹೆಡ್‌ಸೆಟ್ ಡಬ್ಬಿಯ ಗುಂಡಿ ಒತ್ತಿದೆ. ಗುಡುಗು ನೆಲಕ್ಕೆ ಇಳಿದುಹೋದಂತಾಯಿತು. ಗಾಳಿಯ ಸುಯ್ಯಾಟ, ಸೀಟಿನ ಕಿರುಗುಟ್ಟು, ಇನ್‌ಸ್ಟ್ರಕ್ಟರ್ ಉಸಿರು ಎಲ್ಲ ಮೇಲೆದ್ದು ಬಂದವು. "ಮೈಸೂರ್ ಟವರ್" ಎಂದು ನಾನೇ ಹೇಳಿದ್ದು ಯಾರೋ ಪಕ್ಕದಲ್ಲಿ ಕೂತು ಹೇಳಿದಂತೆ ಕೇಳಿತು.

ಜನವರಿ 14, ಮಂಗಳವಾರ, ಸಂಕ್ರಾಂತಿ. ಮದ್ದೂರು

ಸಂಜೆ ಎತ್ತುಗಳಿಗೆ ಕಿಚ್ಚು ಹಾಯಿಸಿದ ಮೇಲೆ ಎಳ್ಳುಬೆಲ್ಲ ಬೀರಲು ಹೋದೆ. ಎಲ್ಲ ಮನೆಯಲ್ಲೂ ಅದೇ ಪ್ರಶ್ನೆ, "ಮೇಲೆ ಹೋದಾಗ ಭಯ ಆಗಾಕಿಲ್ವ?" ರೇಡಿಯೊದಲ್ಲಿ ಹೇಳಿದ್ದು ಅರ್ಥವಾಗದಿದ್ದರೆ ಭಯ ಎಂದೆ. ಯಾರೂ ನಂಬಲಿಲ್ಲ.

ರಾತ್ರಿ ಇತಿಹಾಸ ಕೆದಕಿದೆ. ಸದ್ದಿನಿಂದ ಸದ್ದನ್ನು ಕೊಲ್ಲುವ ಯೋಚನೆಗೆ ಜರ್ಮನಿಯ ಪಾಲ್ ಲ್ಯೂಗ್ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದ. ಕಾಗದದಿಂದ ಕಿವಿಗೆ ಬರಲು ಅರ್ಧ ಶತಮಾನ ಹಿಡಿಯಿತು. ನನ್ನ ಹೆಡ್‌ಸೆಟ್ಟಿನ ಮೇಲೆ ಹೆಸರಿರುವ ಅಮರ್ ಬೋಸ್ 1978ರಲ್ಲಿ ಯೂರೋಪಿನಿಂದ ಅಮೆರಿಕಕ್ಕೆ ವಿಮಾನದಲ್ಲಿ ಹೋಗುತ್ತ, ಕೊಟ್ಟ ಹೆಡ್‌ಫೋನಿನಲ್ಲಿ ಸಂಗೀತಕ್ಕಿಂತ ಎಂಜಿನ್ನೇ ಹೆಚ್ಚು ಕೇಳಿದ್ದರಿಂದ ಅಲ್ಲೇ ಕೂತು ಲೆಕ್ಕ ಬರೆದರಂತೆ. ಅವರ ತಂದೆ ಬ್ರಿಟಿಷರ ಕಣ್ಣು ತಪ್ಪಿಸಿ ಅಮೆರಿಕ ಸೇರಿದ ಬಂಗಾಳದ ಕ್ರಾಂತಿಕಾರಿ. 1986ರ ಡಿಸೆಂಬರಿನಲ್ಲಿ ವಾಯೇಜರ್ ವಿಮಾನ ಎಲ್ಲೂ ಇಳಿಯದೆ, ಇಂಧನ ತುಂಬದೆ ಒಂಬತ್ತು ದಿನ ಭೂಮಿ ಸುತ್ತಿತಲ್ಲ, ಅದರ ಇಬ್ಬರು ಪೈಲಟ್‌ಗಳ ತಲೆ ಮೇಲೆ ಬೋಸ್ ಹೆಡ್‌ಸೆಟ್ಟಿನ ಮೊದಲ ಮಾದರಿಗಳಿದ್ದವು. ಮಾರಾಟಕ್ಕೆ ಬಂದದ್ದು 1989ರಲ್ಲಿ.

ಅದಕ್ಕೂ ನಲವತ್ತು ವರ್ಷ ಮೊದಲು, 1949ರಲ್ಲಿ, ನಮ್ಮ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿಂದ ಉಷಾ ಸುಂದರಂ ಪೈಲಟ್ ಆಗಿ ಹೊರಬಂದರು. 1951ರಲ್ಲಿ ಪತಿ ವಿ. ಸುಂದರಂ ಜೊತೆ ಡಿ ಹ್ಯಾವಿಲ್ಯಾಂಡ್ ಡವ್ ವಿಮಾನವನ್ನು ಲಂಡನ್ನಿನಿಂದ ಮುಂಬಯಿಗೆ 27 ಗಂಟೆಯಲ್ಲಿ ತಂದರು. ಎರಡು ಪಿಸ್ಟನ್ ಎಂಜಿನ್‌ಗಳ ನಡುವೆ ಅಷ್ಟು ಹೊತ್ತು. ಆ ಪೀಳಿಗೆಯವರ ಕಿವಿಗೆ ಯಾವ ಸರ್ಕ್ಯೂಟೂ ಕಾವಲಿರಲಿಲ್ಲ.

ಜನವರಿ 19, ಭಾನುವಾರ. ಮದ್ದೂರು

ತಾತನ ಆಲೆಮನೆಗೆ ಹೆಡ್‌ಸೆಟ್ ಒಯ್ದೆ. ಗಾಣ ಓಡುತ್ತಿತ್ತು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿ ಬಂದಿತ್ತು. ಗಾಣಕ್ಕೆ ಕಬ್ಬು ಕೊಡುವವನಿಗೂ ಒಲೆಗೆ ಸಿಪ್ಪೆ ನೂಕುವವನಿಗೂ ನಡುವೆ ಕೈಸನ್ನೆಯೇ ಭಾಷೆ. ಒಂದು ನಿಯಮವಿದೆ: ತೋಳಳತೆ ದೂರದಲ್ಲಿರುವವನಿಗೆ ಕೂಗಿ ಹೇಳಬೇಕಾದರೆ ಅಲ್ಲಿಯ ಸದ್ದು 85 ಡೆಸಿಬೆಲ್ ದಾಟಿದೆ ಎಂದು ತಿಳಿಯಬೇಕು. ಆ ಮಟ್ಟದಲ್ಲಿ ಕಿವಿ ತಾಳುವುದು ದಿನಕ್ಕೆ ಎಂಟು ಗಂಟೆ. ಮೂರು ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧವಾಗುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದೇ. ಗಾಣದ ಮುಂದೆ ಗಂಟೆ ನೋಡಿ ಕೆಲಸ ಬಿಡುವವರು ಯಾರು?

ತಾತನ ಕಿವಿಗೆ ಹಾಕಿ ಗುಂಡಿ ಒತ್ತಿದೆ. ತಟ್ಟನೆ ಮೋಟರಿನ ಕಡೆ ತಿರುಗಿದ. "ಕರೆಂಟ್ ಹೋಯ್ತೇನವ್ವ?" ಬೆಲ್ಟು ಸುತ್ತುತ್ತಲೇ ಇತ್ತು. ನಗು ಬಂತು. ಮುಂದಿನದಕ್ಕೆ ಬರಲಿಲ್ಲ. ಗದ್ದಲ ಅಡಗಿದ ಮೇಲೆ ನನ್ನ ಮಾತು ಕೇಳಬೇಕಿತ್ತು. ಮುಂದೆ ನಿಂತು ಹೇಳಿದೆ, ಇನ್ನೂ ಜೋರಾಗಿ ಹೇಳಿದೆ. "ಏನೋ ಅಂತೀಯ, ಬಿಡಿಸಿ ಹೇಳು ಮಗ" ಅಂದ. ದನಿ ಮುಟ್ಟುತ್ತಿತ್ತು, ಮಾತು ಮುಟ್ಟುತ್ತಿರಲಿಲ್ಲ.

ಯಾಕೆಂದು ಗೊತ್ತು. ಗದ್ದಲ ಮೊದಲು ತಿನ್ನುವುದು 4,000 ಹರ್ಟ್ಸ್ ಆಸುಪಾಸಿನ ಕೇಳ್ಮೆಯನ್ನು. ಸ, ಶ, ತ, ಚ ಇಂಥ ವ್ಯಂಜನಗಳ ಮೊನೆ ಇರುವುದು ಆ ಎತ್ತರದಲ್ಲೇ. ಮೋಟರಿನ ತಗ್ಗಿನ ಗುಡುಗು ಕೊನೆಯವರೆಗೂ ಕೇಳುತ್ತದೆ, ಮೊಮ್ಮಗಳ ಮಾತು ಸವೆದುಹೋಗುತ್ತದೆ. ಒಳಕಿವಿಯ ಕೂದಲಕೋಶ ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಗದ್ದಲವನ್ನು ಕಳೆಯುವ ಯಂತ್ರ, ಕಳೆದ ಕಿವಿಯನ್ನು ತಂದುಕೊಡುವುದಿಲ್ಲ.

ಜನವರಿ 24, ಶುಕ್ರವಾರ. ಮೈಸೂರು

ಇವತ್ತು ಹೆಡ್‌ಸೆಟ್ಟಿನ ಇನ್ನೊಂದು ಮುಖ. ಹಾರುವ ಮುಂಚಿನ ರನ್-ಅಪ್ಪಿನಲ್ಲಿ ಎಂಜಿನ್ನನ್ನು 1,800 ಆರ್‌ಪಿಎಂಗೆ ತಂದು, ಕಿಡಿ ಕೊಡುವ ಎರಡು ಮ್ಯಾಗ್ನೆಟೊಗಳನ್ನು ಒಂದೊಂದಾಗಿ ಪರೀಕ್ಷೆ. ಒಂದರ ಮೇಲೆ ಓಡುವಾಗ ಇಳಿತ 150 ದಾಟಬಾರದು, ಎರಡರ ನಡುವಿನ ವ್ಯತ್ಯಾಸ 50 ಮೀರಬಾರದು. ಹಸಿರು ಹೆಡ್‌ಸೆಟ್ಟಿನಲ್ಲಿ ಆ ಇಳಿತ ಕಿವಿಗೇ ಗೊತ್ತಾಗುತ್ತಿತ್ತು. ಇದರಲ್ಲಿ ಸದ್ದು ಮೆತ್ತಗಾಗಿರುವುದರಿಂದ ಮುಳ್ಳನ್ನೇ ನಂಬಬೇಕು.

"ಎಂಜಿನ್ ಮೊದಲು ಕಿವಿಗೆ ದೂರು ಕೊಡುತ್ತೆ, ಆಮೇಲೆ ಮೀಟರಿಗೆ. ನೀನು ದೂರು ಸ್ವೀಕರಿಸುವ ಕೌಂಟರನ್ನೇ ಮುಚ್ಚಿದ್ದೀಯ" ಎಂದರು ಇನ್‌ಸ್ಟ್ರಕ್ಟರ್. ಅಮೆರಿಕದ ಎಫ್‌ಎಎ 2007ರಲ್ಲೇ ಇದರ ಬಗ್ಗೆ ಎಚ್ಚರಿಸಿದೆ: ಈ ಬಗೆಯ ಹೆಡ್‌ಸೆಟ್ ಹಾಕಿದಾಗ ಎಚ್ಚರಿಕೆಯ ಗಂಟೆ, ಎಂಜಿನ್ನಿನ ಅಸಹಜ ಸದ್ದು ಕೇಳುತ್ತವೆಯೇ ಎಂದು ಪೈಲಟ್ ಪರೀಕ್ಷಿಸಿಕೊಳ್ಳಬೇಕು, ಕೇಳದಿದ್ದರೆ ಬೇರೆ ದಾರಿ ಹುಡುಕಬೇಕು.

ಮೇಲೆ ಹೋಗಿ ಪರೀಕ್ಷಿಸಿದೆವು. ವಿಮಾನವನ್ನು ಸ್ಟಾಲ್ ಹತ್ತಿರ ನಿಧಾನಿಸಿದಾಗ ರೆಕ್ಕೆಯ ಪೀಪಿ ಕೀರಲು ದನಿಯಲ್ಲಿ ಕೂಗಿತು, ಸ್ಪಷ್ಟವಾಗಿ ಕೇಳಿತು. ಎತ್ತರದ ದನಿ, ಸರ್ಕ್ಯೂಟಿಗೆ ಸಿಗುವುದಿಲ್ಲ. ಆಮೇಲೆ ಅವರು ಹೇಳದೆ ಕೇಳದೆ ನನ್ನ ಡಬ್ಬಿಯ ಗುಂಡಿ ಆರಿಸಿದರು. ಗುಡುಗು ಒಮ್ಮೆಲೇ ಮೈಮೇಲೆ ಬಿತ್ತು. "ಈಗ ಟವರಿಗೆ ಮಾತಾಡು." ಮಾತಾಡಿದೆ. ಸೆಲ್ ಸತ್ತ ದಿನ ಎದೆ ಹಾರಬಾರದು, ಅದಕ್ಕೆ ಈ ಅಭ್ಯಾಸ.

ಬ್ಲೂಟೂತ್ ಆಫ್. ಹಾಡು ಬೇಡ ಎಂದು ಅವರು ಹೇಳುವ ಮೊದಲೇ ಆರಿಸಿದ್ದೆ.

ಫೆಬ್ರವರಿ 6, ಗುರುವಾರ. ಮೈಸೂರು

ಮೈಸೂರಿನಿಂದ ಈಶಾನ್ಯಕ್ಕೆ ಕ್ರಾಸ್ ಕಂಟ್ರಿ. ಶ್ರೀರಂಗಪಟ್ಟಣದ ದ್ವೀಪ, ವಿ.ಸಿ. ನಾಲೆ, ಅದರ ಎರಡೂ ಕಡೆ ಕಬ್ಬಿನ ಹಸಿರು, ಎಕ್ಸ್‌ಪ್ರೆಸ್ ವೇ, ರೈಲು ಹಳಿ. ಮದ್ದೂರು ಕೆರೆ ಕಂಡಾಗ ಶಿಂಷೆಯನ್ನು ಹುಡುಕಿದೆ, ಸಿಕ್ಕಿತು. ಅಲ್ಲಲ್ಲಿ ಆಲೆಮನೆಯ ಹೊಗೆ. ಗಾಳಿ ಯಾವ ಕಡೆಗೆ ಎಂದು ಆ ಹೊಗೆಯೇ ಹೇಳುತ್ತದೆ, ತುರ್ತಾಗಿ ಇಳಿಯಬೇಕಾದರೆ ಬೇಕಾಗುವ ಮಾಹಿತಿ ಅದು.

"ಹಕ್ಕಿ ನೋಡು" ಎಂದರು. ಕೊಕ್ಕರೆಬೆಳ್ಳೂರಿನ ಮರಗಳಲ್ಲಿ ಈ ತಿಂಗಳು ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟಿರುತ್ತವೆ. ಬಿಸಿಲೇರಿದರೆ ಬಿಸಿಗಾಳಿ ಹಿಡಿದು ನಮ್ಮೆತ್ತರಕ್ಕೆ ಬರುತ್ತವೆ. ಅವುಗಳಿಗೆ ರೇಡಿಯೊ ಇಲ್ಲ, ಯಾವ ಹೆಡ್‌ಸೆಟ್ಟಿಗೂ ಕೇಳುವುದಿಲ್ಲ. ಕಣ್ಣು ಹೊರಗಿರಬೇಕು. ಕಿವಿ ದಣಿಯದಿದ್ದರೆ ಕಣ್ಣೂ ದಣಿಯುವುದಿಲ್ಲ ಎಂಬುದು ಇವತ್ತು ತಿಳಿಯಿತು. ಇಳಿದ ಮೇಲೂ ತಲೆ ಹಗುರ, ಗುಂಯ್ ಸದ್ದಿಲ್ಲ.

ಫೆಬ್ರವರಿ 9, ಭಾನುವಾರ. ಮದ್ದೂರು

ಕಳೆದ ವರ್ಷ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಪೈಲಟ್‌ಗಳ ಕ್ಲಾಸ್ 1 ವೈದ್ಯಕೀಯ ಪರೀಕ್ಷೆಗೆ ಕೂತದ್ದು ನೆನಪಾಯಿತು. ಸದ್ದಿಲ್ಲದ ಕೋಣೆಯಲ್ಲಿ ಸಣ್ಣ ಸಣ್ಣ ಪೀಂ ದನಿ, ಕೇಳಿದಾಗ ಗುಂಡಿ ಒತ್ತಬೇಕು. 500, 1,000, 2,000 ಹರ್ಟ್ಸ್‌ನಲ್ಲಿ 35 ಡೆಸಿಬೆಲ್‌ಗಿಂತ ಹೆಚ್ಚು, 3,000ದಲ್ಲಿ 50ಕ್ಕಿಂತ ಹೆಚ್ಚು ಕೇಳ್ಮೆ ಕಳೆದಿರಬಾರದು. ಪೈಲಟ್ ಆಗುವವಳ ಕಿವಿಯನ್ನು ದೇಶ ಅಳೆದು ದಾಖಲೆ ಇಡುತ್ತದೆ. ಗಾಣಕ್ಕೆ ಕಬ್ಬು ಕೊಡುವವನ ಕಿವಿಯನ್ನು ನಮ್ಮೂರಲ್ಲಿ ಯಾರೂ ಅಳೆದದ್ದು ನಾನು ಕಂಡಿಲ್ಲ. ವಯಸ್ಸಾಯ್ತು, ಕಿವುಡು ಬಂತು ಅನ್ನುತ್ತಾರೆ, ಮುಗಿಯಿತು.

ಅಪ್ಪನ ಜೊತೆ ಮಾತಾಡಿದೆ. ಬ್ಯಾಟರಿಯ ಹೆಡ್‌ಸೆಟ್ ಆಲೆಮನೆಗೆ ಬೇಕಿಲ್ಲ, ಅಲ್ಲಿ ಟವರಿನ ಮಾತು ಕೇಳಬೇಕಿಲ್ಲ. ಕಾರ್ಖಾನೆಯವರು ಹಾಕುವ ಮಾಮೂಲಿ ಕಿವಿಗವಸು ಸಾಕು, ಐದಾರು ನೂರು ರೂಪಾಯಿಯದು. ಮಾತಿನ ಮೊನೆ ಇರುವ ಎತ್ತರದ ಸದ್ದನ್ನು ತಡೆಯುವುದರಲ್ಲಿ ಬರೀ ಮೆತ್ತೆಯೇ ಗಟ್ಟಿಗ. "ಹಾಕ್ಕೋತಾರಾ ಅವ್ರು? ಬೆವರು ಕಣವ್ವ" ಅಂದ ಅಪ್ಪ. ಒಲೆ ಮುಂದಿನವನಿಗೆ ಬೇಡ, ಗಾಣದ ಮುಂದಿನವನು ಹಾಕಿಕೊಳ್ಳಲಿ, ಪಾಳಿ ಬದಲಾದಾಗ ಮುಂದಿನವನಿಗೆ ಕೊಡಲಿ ಎಂದೆ. ಎರಡು ಜೊತೆ ತರಲು ಒಪ್ಪಿದ.

ತಾತನಿಗೆ ತಡವಾಯಿತು. ಗಾಣಕ್ಕೆ ಈಗ ನಿಂತಿರುವ ಇಪ್ಪತ್ತರ ಹುಡುಗನಿಗೆ ತಡವಾಗಿಲ್ಲ. ಅವನ ಕಿವಿ ಉಳಿಸಲು ಮೂವತ್ತು ಟನ್ ಕಬ್ಬು ಬೇಕಿಲ್ಲ, ಎರಡು ಕ್ವಿಂಟಾಲ್ ಸಾಕು.